ಗರಡಿಮನೆಯಿಂದ ಚೆಂಡಿನ ಬಯಲಿಗೆ: ಹವ್ಯಾಸಿ ಫುಟ್‌ಬಾಲ್ ಸಂಘಗಳ ಇತಿಹಾಸ ಮತ್ತು ನಮ್ಮ ಶಾಲೆಯ ಮೈದಾನ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ವಿಷಯವಾಗಿ ಏನಾದರೂ ಬರೆದೇನು ಎಂದು ಅವರು ಎಣಿಸಿದ್ದಿರಬೇಕು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಂದ ಅದನ್ನು ನಿರೀಕ್ಷಿಸುವುದು ಸಹಜ. ಆದರೆ ಶಾಲೆ ಎಂದ ಕೂಡಲೇ ನನ್ನ ಕಣ್ಣ ಮುಂದೆ ಮೊದಲು ಬರುವುದು ಮೈದಾನ, ಆಮೇಲೆ ತರಗತಿ. ಕಬಡ್ಡಿ, ಖೋಖೋ, ವಾಲಿಬಾಲ್‌ಗಳ ನಡುವೆ ನಮಗೆ ಒಂದೇ ಒಂದು ಫುಟ್‌ಬಾಲ್ ಇತ್ತು. ಅದರ ಬ್ಲ್ಯಾಡರ್ ತೂತಾದರೆ ಸೈಕಲ್ ಅಂಗಡಿಗೆ ಒಯ್ದು ಪಂಕ್ಚರ್ ಹಾಕಿಸಿಕೊಂಡು ಬರುತ್ತಿದ್ದೆವು. ಗೋಲ್‌ಕಂಬದ ಬದಲು ಎರಡು ಕಲ್ಲು, ಇಲ್ಲವೆ ಎರಡು ಪಾಟಿಚೀಲ.

ನಮ್ಮ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ ಒಬ್ಬ ಗೆಳೆಯನಿದ್ದ. ಎಡಗಾಲಿನ ಆಟಗಾರ. ಚೆಂಡು ಅವನಿಗೆ ಸಿಕ್ಕಿತೆಂದರೆ ನಾವು ಎದುರಾಳಿಗಳೆಲ್ಲ ಅವನ ಹಿಂದೆ ಓಡುವುದೇ ಕೆಲಸ. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಅವನು ಇಚಲಕರಂಜಿಗೆ ವಿದ್ಯುತ್ ಮಗ್ಗದ ಕೆಲಸಕ್ಕೆ ಹೋದ. ನಾನು ಕಾಲೇಜಿಗೆ ಹೋದೆ. ಆಟ ಬಿಡು ಎಂದು ಅವನಿಗೆ ಯಾರೂ ಹೇಳಲಿಲ್ಲ, ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ಶಾಲೆ ಮುಗಿದ ಮೇಲೆ ಅವನಿಗೆ ಆಡಲು ಒಂದು ತಂಡವೇ ಇರಲಿಲ್ಲ, ಅಷ್ಟೆ.

ಈ ಲೇಖನ ಅಲ್ಲಿಂದ ಹುಟ್ಟಿದೆ. ಶಾಲೆ ಬಿಟ್ಟ ಹುಡುಗನನ್ನು ಆಟದಲ್ಲಿ ಉಳಿಸುವುದು ಯಾವುದು? ಅದು ಊರಿನ ಸಂಘ, ಓಣಿಯ ಸಂಘ. ಸಂಬಳವಿಲ್ಲದೆ, ಹಗಲು ದುಡಿದು ಸಂಜೆ ಆಡುವವರ ಹವ್ಯಾಸಿ ಸಂಘ. ನಮ್ಮ ಅಕ್ಕೋಳದ ಸಮೀಪ ನಿಪ್ಪಾಣಿಯ ಮೇಲೆ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಅಂಥ ಸಂಘಗಳ ಒಂದು ಇತಿಹಾಸ ಸಿಗುತ್ತದೆ, ದಕ್ಷಿಣದ ತುದಿಗೆ ಹೋದರೆ ಇನ್ನೊಂದು. ಮೊದಲನೆಯದು ಕೊಲ್ಹಾಪುರದ್ದು, ಎರಡನೆಯದು ಬೆಂಗಳೂರಿನದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಊರಿಗೆ ಕಲಿಯಬೇಕಾದದ್ದು ಇದೆ ಎಂದು ನನಗೆ ಅನ್ನಿಸಿದೆ.

ತಾಲೀಮು ಎಂಬ ಶಾಲೆ

ಕೊಲ್ಹಾಪುರ ನಮಗೆ ಪರಸ್ಥಳವಲ್ಲ. ಆಸ್ಪತ್ರೆಗೆ, ಮದುವೆಯ ಜವಳಿಗೆ, ಅಂಬಾಬಾಯಿಯ ದರ್ಶನಕ್ಕೆ ನಮ್ಮ ಭಾಗದ ಜನ ಹೋಗುವುದು ಅಲ್ಲಿಗೇ. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಒಂದು ಮಾತು ಆಡುವ ಗಡಿಭಾಗದವರು ನಾವು. ಆದ್ದರಿಂದ ಕೊಲ್ಹಾಪುರವೆಂದರೆ ಕುಸ್ತಿ ಎಂಬುದನ್ನು ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಛತ್ರಪತಿ ಶಾಹೂ ಮಹಾರಾಜರು 1894ರಿಂದ 1922ರವರೆಗೆ ಆಳಿದವರು. ಹಿಂದುಳಿದ ಸಮಾಜಗಳಿಗೆ 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಶೇಕಡಾ 50ರಷ್ಟು ಮೀಸಲಾತಿ ಕೊಟ್ಟವರು. ಅವರೇ ಕುಸ್ತಿಗೆ ರಾಜಾಶ್ರಯ ಕೊಟ್ಟು, ಖಾಸಬಾಗ ಮೈದಾನವನ್ನು ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ನಡುವೆ ಕೆಂಪು ಮಣ್ಣಿನ ಅಖಾಡ, ಸುತ್ತಲೂ ಇಳಿಜಾರಾಗಿ ಜನ ಕೂಡುವ ಜಾಗ. ಎಲ್ಲಿ ಕುಳಿತರೂ ಕುಸ್ತಿ ಕಾಣಬೇಕು, ಅದೇ ಅದರ ರಚನೆಯ ಗುಟ್ಟು.

ಖಾಸಬಾಗಕ್ಕೆ ಪೈಲವಾನರು ಬರುತ್ತಿದ್ದದ್ದು ಓಣಿಓಣಿಯ ತಾಲೀಮುಗಳಿಂದ. ತಾಲೀಮು ಎಂದರೆ ನಮ್ಮ ಗರಡಿಮನೆ. ಒಂದು ಕೋಣೆ, ಹದವಾದ ಮಣ್ಣು, ಮೂಲೆಯಲ್ಲಿ ಹನುಮಂತ, ಗೋಡೆಗೆ ಒರಗಿಸಿದ ಗದೆ. ಈ ಪದ ಅರಬ್ಬಿಯಿಂದ ಬಂದದ್ದು, ಅದರ ಮೂಲ ಅರ್ಥ ಶಿಕ್ಷಣ. ನಾಟಕದ ತಾಲೀಮು ಎಂದು ನಾವು ಕನ್ನಡದಲ್ಲಿ ಬಳಸುವುದೂ ಅದೇ ಪದ. ಅಂದರೆ ಗರಡಿಮನೆ ತನ್ನ ಹೆಸರಿನಲ್ಲಿಯೇ ಒಂದು ಶಾಲೆ. ಹತ್ತನೆಯ ತರಗತಿಗೆ ಮುಗಿಯದ ಶಾಲೆ ಎನ್ನಬಹುದು. ಹುಡುಗ ಅಲ್ಲಿ ಸೇರಿದರೆ ಗಡ್ಡ ಬಂದ ಮೇಲೂ ಹೋಗುತ್ತಾನೆ, ಮದುವೆಯಾದ ಮೇಲೂ ಹೋಗುತ್ತಾನೆ, ಕಡೆಗೆ ಮಗನನ್ನು ಕರೆದುಕೊಂಡು ಹೋಗುತ್ತಾನೆ.

ಕೊಲ್ಹಾಪುರದ ವಿಶೇಷವೆಂದರೆ ಅಲ್ಲಿನ ಫುಟ್‌ಬಾಲ್ ಸಂಘಗಳಲ್ಲಿ ಹಲವು ಈ ತಾಲೀಮುಗಳೇ. ಬೇರೆ ಊರುಗಳಲ್ಲಿ ಫುಟ್‌ಬಾಲ್ ತಂಡದ ಹೆಸರು ಯುನೈಟೆಡ್, ಸಿಟಿ, ಸ್ಪೋರ್ಟಿಂಗ್ ಎಂದಿರುತ್ತದೆ. ಕೊಲ್ಹಾಪುರದಲ್ಲಿ ಪಾಟಾಕಡೀಲ ತಾಲೀಮ ಮಂಡಳ, ದಿಲ್‌ಬಹಾರ ತಾಲೀಮ ಮಂಡಳ, ಬಾಲಗೋಪಾಲ ತಾಲೀಮ ಮಂಡಳ, ಖಂಡೋಬಾ ತಾಲೀಮ ಮಂಡಳ ಎಂದಿರುತ್ತದೆ. ಪಾಟ ಎಂದರೆ ನೀರಿನ ಕಾಲುವೆ, ಪಾಟಾಕಡೀಲ ಎಂದರೆ ಕಾಲುವೆಯ ಕಡೆಯದು. ಎಷ್ಟು ಮನೆಮಾತಿನ ಹೆಸರು ನೋಡಿ. ಇವುಗಳ ಜೊತೆಗೆ ಶಿವಾಜಿ ತರುಣ ಮಂಡಳ, ಸಂಧ್ಯಾಮಠ ತರುಣ ಮಂಡಳ, ಪ್ರಾಕ್ಟೀಸ್ ಕ್ಲಬ್, ಫುಲೇವಾಡಿಯ ತಂಡ ಮುಂತಾದವು ಇವೆ. ಗಣಪತಿ ಕೂಡಿಸುವುದೂ ಶಿವಜಯಂತಿ ಮಾಡುವುದೂ ಓಣಿಯ ಮಂಡಳವೇ, ಫುಟ್‌ಬಾಲ್ ಆಡಿಸುವುದೂ ಅದೇ ಮಂಡಳ. ಲೆಕ್ಕದ ಪುಸ್ತಕ ಒಂದೇ, ಪಟ್ಟಿ ಎತ್ತುವ ಜನ ಒಂದೇ, ಜಗಳ ಬಗೆಹರಿಸುವ ಹಿರಿಯರೂ ಅವರೇ.

ಈ ಬಿಡಿ ತಂಡಗಳನ್ನು ಒಂದು ಶಿಸ್ತಿಗೆ ತಂದದ್ದು ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್. ಜನ ಅದನ್ನು ಕೆ.ಎಸ್.ಎ. ಎನ್ನುತ್ತಾರೆ. ಸಂಸ್ಥಾನದ ಕಾಲದಲ್ಲಿ, 1940ರಲ್ಲಿ, ಅರಮನೆಯ ಬೆಂಬಲದಿಂದ ಹುಟ್ಟಿದ ಸಂಸ್ಥೆ ಅದು. ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು, ಸಂಸ್ಥೆ ಮಾತ್ರ ಉಳಿಯಿತು. ರಾಜರ್ಷಿ ಶಾಹೂ ಕ್ರೀಡಾಂಗಣದಲ್ಲಿ ಅದರ ಲೀಗ್ ಪಂದ್ಯಗಳು ನಡೆಯುತ್ತವೆ. ಲೀಗ್ ಎಂದರೆ ಪ್ರತಿ ತಂಡವೂ ಉಳಿದ ತಂಡಗಳೊಂದಿಗೆ ಆಡಲೇಬೇಕು. ಒಂದು ಪಂದ್ಯ ಸೋತರೆ ಗಂಟು ಕಟ್ಟಿಕೊಂಡು ಮನೆಗೆ ಹೋಗುವ ನಾಕೌಟ್ ಅಲ್ಲ. ಈ ಸಣ್ಣ ವ್ಯತ್ಯಾಸ ಬಹಳ ದೊಡ್ಡದು. ನಾಕೌಟ್ ಪಂದ್ಯಾವಳಿಯಲ್ಲಿ ಅರ್ಧದಷ್ಟು ತಂಡಗಳಿಗೆ ಮೊದಲ ದಿನವೇ ಆಟ ಮುಗಿಯುತ್ತದೆ. ಲೀಗ್‌ನಲ್ಲಿ ಕಡೆಯ ಸ್ಥಾನದ ತಂಡಕ್ಕೂ ಋತು ಮುಗಿಯುವವರೆಗೆ ಆಟವಿರುತ್ತದೆ.

ನಾನು ಇಂಜಿನಿಯರಿಂಗ್ ಓದುವಾಗ ರಜೆಗೆ ಊರಿಗೆ ಬಂದು ಒಮ್ಮೆ ಶಾಹೂ ಕ್ರೀಡಾಂಗಣಕ್ಕೆ ಹೋಗಿದ್ದೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಅಜ್ಜ ಬಿಳಿ ಟೋಪಿ ಹಾಕಿದ್ದ. ಇಡೀ ಪಂದ್ಯ ಆಟಗಾರರನ್ನು ಹೆಸರು ಹಿಡಿದು ಬೈಯುತ್ತಲೇ ಇದ್ದ. ಅಷ್ಟು ಸಿಟ್ಟು ಯಾಕಜ್ಜಾ ಎಂದು ಕೇಳಿದೆ. ‘ನಮ್ಮ ಓಣೀ ಹುಡುಗೋರು, ನಾವು ಬೈಲಿಲ್ಲಾಂದ್ರ ಯಾರು ಬೈಬೇಕು?’ ಎಂಬರ್ಥದ ಮಾತನ್ನು ಮರಾಠಿಯಲ್ಲಿ ಹೇಳಿದ. ಆ ಆಟಗಾರರಲ್ಲಿ ಒಬ್ಬ ಕಿರಾಣಿ ಅಂಗಡಿಯವ, ಇನ್ನೊಬ್ಬ ಗ್ಯಾರೇಜಿನವ ಎಂದೂ ಅವನೇ ತೋರಿಸಿದ. ನನಗೆ ಕೂಡಲೇ ನೆನಪಾದದ್ದು ಇಚಲಕರಂಜಿಯ ಮಗ್ಗದ ಮುಂದೆ ನಿಂತ ನನ್ನ ಗೆಳೆಯ. ಅವನು ಈ ಊರಿನ ಯಾವುದೋ ಓಣಿಯಲ್ಲಿ ಹುಟ್ಟಿದ್ದರೆ, ಹಗಲು ಅದೇ ಮಗ್ಗದ ಕೆಲಸ ಮಾಡಿಕೊಂಡು ಇಲ್ಲಿ ಸಾವಿರಾರು ಜನರ ಮುಂದೆ ಆಡುತ್ತಿದ್ದ.

ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಓಣಿಯ ಅಭಿಮಾನ ಅತಿಯಾದಾಗ ಬೆಂಬಲಿಗರ ನಡುವೆ ಹೊಡೆದಾಟಗಳಾಗಿವೆ, ಪಂದ್ಯಗಳು ನಿಂತಿವೆ. ಗೆಲ್ಲುವ ಹಟದಲ್ಲಿ ಹೊರಗಿನ, ವಿದೇಶದ ಆಟಗಾರರನ್ನೂ ಹಣ ಕೊಟ್ಟು ಕರೆಸುವ ರೂಢಿ ಬೆಳೆದಿದೆ. ಅದರಿಂದ ಓಣಿಯ ಹುಡುಗನಿಗೆ ಸಿಗಬೇಕಾದ ಜಾಗ ಕಡಿಮೆಯಾಗುತ್ತದೆ ಎಂಬ ಚರ್ಚೆಯೂ ಇದೆ. ಆದರೂ ಆ ಬೇರಿನಿಂದ ಫಲ ಬಂದಿದೆ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತ ತಂಡದ ಮುನ್ಪಡೆಯಲ್ಲಿ ಆಡಿದ ಅನಿಕೇತ ಜಾಧವ ಕೊಲ್ಹಾಪುರದ ಹುಡುಗ. ನಮ್ಮ ದೇಶ ಫಿಫಾ ವಿಶ್ವಕಪ್ ಒಂದರಲ್ಲಿ ಆಡಿದ್ದು ಅದೇ ಮೊದಲು.

ಬೆಂಗಳೂರಿನ ಬರಿಗಾಲಿನ ವೀರರು

ಇನ್ನು ಹೆದ್ದಾರಿಯ ದಕ್ಷಿಣದ ತುದಿಗೆ ಹೋಗೋಣ. ಇಲ್ಲಿ ಕಥೆ ಗರಡಿಮನೆಯಿಂದ ಆರಂಭವಾಗುವುದಿಲ್ಲ, ದಂಡಿನಿಂದ ಆರಂಭವಾಗುತ್ತದೆ. ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. ಲಂಡನ್ನಿನಲ್ಲಿ 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿ ಆಟದ ನಿಯಮಗಳು ಬರಹಕ್ಕೆ ಬಂದ ಮೇಲೆ, ಆ ಆಟ ಸಿಪಾಯಿಗಳ ಜೊತೆ ಹಡಗು ಹತ್ತಿ ಭಾರತಕ್ಕೆ ಬಂತು. ಗೋರಾ ಪಲ್ಟನ್ನುಗಳು ಕವಾಯತು ಮೈದಾನದಲ್ಲಿ ಆಡುತ್ತಿದ್ದವು, ದಂಡಿನ ಸುತ್ತಲಿನ ಬಡಾವಣೆಗಳ ಹುಡುಗರು ಅಂಚಿನಲ್ಲಿ ನಿಂತು ನೋಡಿ ಕಲಿತರು. ಸಿಪಾಯಿಗಳಿಗೆ ಬೂಟು ಇದ್ದವು. ಈ ಹುಡುಗರಿಗೆ ಇರಲಿಲ್ಲ.

ಆ ಕಾಲದ ದೊಡ್ಡ ಪಂದ್ಯಾವಳಿಗಳೆಲ್ಲ ಪಲ್ಟನ್ನುಗಳ ಸ್ವತ್ತಿನಂತೆ ಇದ್ದವು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಸಂಘ ಐ.ಎಫ್.ಎ. ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಶೈರ್ ಪಲ್ಟನ್ನನ್ನು 2–1ರಿಂದ ಸೋಲಿಸಿತು. ಹನ್ನೊಂದು ಜನರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನವರು. ಅದು ಇಡೀ ದೇಶಕ್ಕೆ ಹಬ್ಬದ ಸುದ್ದಿಯಾಯಿತು. ಆದರೆ ಮುಂಬಯಿಯ ರೋವರ್ಸ್ ಕಪ್ ಮಾತ್ರ ಬಗ್ಗಲಿಲ್ಲ. 1891ರಿಂದ ನಡೆಯುತ್ತಿದ್ದ ಆ ಕಪ್ಪಿಗಾಗಿ 1923ರಲ್ಲಿ ಮೋಹನ್ ಬಾಗಾನ್ ಫೈನಲ್ ತಲುಪಿಯೂ ಪಲ್ಟನ್ನಿನ ತಂಡಕ್ಕೆ ಸೋತಿತು.

ಅದನ್ನು ಮೊದಲು ಗೆದ್ದ ಭಾರತೀಯ ಸಂಘ ಕಲ್ಕತ್ತೆಯದೂ ಅಲ್ಲ, ಮುಂಬಯಿಯದೂ ಅಲ್ಲ. ನಮ್ಮ ಬೆಂಗಳೂರಿನದು. ಸಂಘದ ಹೆಸರು ಬೆಂಗಳೂರು ಮುಸ್ಲಿಮ್ಸ್. ಆ ಕಾಲದ ಸಂಘಗಳಿಗೆ ಸಮುದಾಯದ, ಪೇಟೆಯ, ಪಲ್ಟನ್ನಿನ ಹೆಸರಿಡುವುದೇ ರೂಢಿಯಾಗಿತ್ತು. 1937ರಲ್ಲಿ ಅವರು ರೋವರ್ಸ್ ಕಪ್ ಗೆದ್ದರು. ಆಕಸ್ಮಿಕವಲ್ಲ ಎಂಬಂತೆ 1938ರಲ್ಲಿ ಮತ್ತೊಮ್ಮೆ ಗೆದ್ದರು. 1940ರಲ್ಲಿ ಮತ್ತೆ ಫೈನಲ್‌ಗೆ ಬಂದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್‌ಗೆ ಸೋತರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮೋಹನ್ ಬಾಗಾನ್ ತಂಡವನ್ನೇ ಸೋಲಿಸಿ ಮೂರನೆಯ ಬಾರಿ ಕಪ್ ಎತ್ತಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹುಟ್ಟಿದ್ದೇ 1937ರಲ್ಲಿ ಎಂಬುದನ್ನು ನೆನೆದರೆ, ಒಂದು ಊರಿನ ಹವ್ಯಾಸಿ ಸಂಘದ ಈ ಸಾಧನೆ ಎಂಥದ್ದು ಎಂದು ತಿಳಿಯುತ್ತದೆ.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಮೈಸೂರು ಸಂಸ್ಥಾನದ ಆಟಗಾರರು ಹಲವರಿದ್ದರು. ಗೋಲಿ ಕೆ.ವಿ. ವರದರಾಜ್, ಮುನ್ಪಡೆಯ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್ ಅವರಲ್ಲಿ ಸೇರಿದವರು. ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಟ. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು, ಕಡೆಯ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು 1–2ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು.

ನಾಲ್ಕು ವರ್ಷದ ನಂತರ, 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ಸೋಲಿಸಿತು. ಬರಿಗಾಲಿನ ಕಾಲ ಮುಗಿಯಿತು, ಇನ್ನು ಬೂಟು ಬೇಕೇ ಬೇಕು ಎಂಬ ತಿಳಿವಳಿಕೆ ಬಂದದ್ದು ಆ ಸೋಲಿನಿಂದ. ಆ ದಿನದ ಒಂದೇ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಎರಡು ಒಲಿಂಪಿಕ್ಸ್, ಭಾರತಕ್ಕೆ ಒಟ್ಟು ಎರಡು ಗೋಲು, ಎರಡೂ ಇಂದಿನ ಕರ್ನಾಟಕದ ಕಾಲುಗಳಿಂದ. ಈ ಸಂಗತಿಯನ್ನು ನಾನು ಶಾಲೆಯಲ್ಲಿದ್ದಾಗ ಯಾರಾದರೂ ಹೇಳಿದ್ದರೆ ಆ ಪಂಕ್ಚರಾದ ಚೆಂಡನ್ನು ಇನ್ನಷ್ಟು ಗೌರವದಿಂದ ಒದೆಯುತ್ತಿದ್ದೆ.

ಗೆದ್ದ ಸಂಘ, ಉಳಿದ ಸಂಘ

ಆಮೇಲೆ ಏನಾಯಿತು? ಕಲ್ಕತ್ತೆಯ ದೊಡ್ಡ ಸಂಘಗಳು ಬೆಂಗಳೂರಿನ ಪ್ರತಿಭೆಗಳನ್ನು ಕರೆದುಕೊಂಡು ಹೋದವು. ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಆ ಸಂಘದ ಐವರು ಮುನ್ಪಡೆ ಆಟಗಾರರನ್ನು ಬಂಗಾಳದ ಜನ ‘ಪಂಚಪಾಂಡವರು’ ಎಂದು ಕರೆದರು, ಅವರಲ್ಲಿ ಅಹ್ಮದ್ ಖಾನ್ ಒಬ್ಬರು. ಅವರು 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮುಂದೆ ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ.ಗಳಂಥ ಸರಕಾರಿ ಕಾರ್ಖಾನೆಗಳು ಬಂದವು. ಆಟಗಾರರಿಗೆ ನೌಕರಿ ಕೊಟ್ಟು ತಮ್ಮದೇ ತಂಡ ಕಟ್ಟಿದವು. ಹೊಟ್ಟೆಗೆ ಹಿಟ್ಟು ಸಿಗುವಲ್ಲಿಗೆ ಆಟಗಾರ ಹೋಗುವುದು ತಪ್ಪಲ್ಲ. ಇದರಿಂದ ರಾಜ್ಯಕ್ಕೆ ಒಳ್ಳೆಯದೂ ಆಯಿತು. ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಬಾರಿ ಗೆದ್ದಿತು: 1946–47, 1952–53, 1967–68 ಮತ್ತು 1968–69. ಆದರೆ ಒಂದು ಕಾಲಕ್ಕೆ ದೇಶವೇ ಬೆರಗಾದ ಬೆಂಗಳೂರು ಮುಸ್ಲಿಮ್ಸ್ ಹೆಸರು ಇಂದು ಯಾವ ರಾಷ್ಟ್ರೀಯ ಪಂದ್ಯಾವಳಿಯಲ್ಲೂ ಕೇಳಿಬರುವುದಿಲ್ಲ.

ಸಂತೋಷ್ ಟ್ರೋಫಿ ನಮಗೆ ಮತ್ತೆ ಸಿಗಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ ಇದೇ ಮೊದಲ ಗೆಲುವು. ನಡುವೆ 2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ವೃತ್ತಿಪರ ಸಂಘ ಹುಟ್ಟಿತು. ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದಿತು. 2016ರಲ್ಲಿ ಎ.ಎಫ್.ಸಿ. ಕಪ್ ಫೈನಲ್ ತಲುಪಿತು, ಅಲ್ಲಿಯವರೆಗೆ ಹೋದ ಮೊದಲ ಭಾರತೀಯ ಸಂಘ ಅದೇ. ನಾನು ಕಂಠೀರವ ಕ್ರೀಡಾಂಗಣದಲ್ಲಿ ಟಿಕೆಟ್ ಕೊಂಡು ಅವರ ಆಟ ನೋಡಿದ್ದೇನೆ, ಗಂಟಲು ಹರಿಯುವಂತೆ ಕೂಗಿದ್ದೇನೆ. ಆದರೆ ಅಲ್ಲಿ ನಾನು ನೋಡುವವನು ಮಾತ್ರ. ಕೊಲ್ಹಾಪುರದ ಆ ಅಜ್ಜ ನೋಡುವವನಷ್ಟೇ ಆಗಿರಲಿಲ್ಲ, ಸಂಘದ ಪಾಲುದಾರನಾಗಿದ್ದ. ಬೈಯುವ ಹಕ್ಕು ಇದ್ದವನು.

ಬೆಂಗಳೂರಿನಲ್ಲೂ ಆ ಬೇರು ಪೂರ್ತಿ ಒಣಗಿಲ್ಲ. ಹಲಸೂರಿನ ಪಕ್ಕದ ಗೌತಮಪುರಕ್ಕೆ ಒಮ್ಮೆ ಹೋಗಿ ನೋಡಬೇಕು. ದುಡಿಯುವ ಜನರ ಇಕ್ಕಟ್ಟಾದ ಬಡಾವಣೆ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಪ್ರತಿಮೆಗಳ ಸಾಲಿನಲ್ಲಿ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯೂ ಇದೆ. ಜನ ಅದನ್ನು ಪುಟ್ಟ ಬ್ರೆಜಿಲ್ ಎನ್ನುತ್ತಾರೆ. ರಾಜ್ಯ ಫುಟ್‌ಬಾಲ್ ಸಂಸ್ಥೆ ನಡೆಸುವ ಬೇರೆ ಬೇರೆ ಡಿವಿಜನ್ ಲೀಗ್‌ಗಳಲ್ಲಿ ಹಗಲು ದುಡಿದು ಆಡುವ ಹುಡುಗರು ಇಂದಿಗೂ ಇದ್ದಾರೆ. ಅಂಥ ಪಂದ್ಯಗಳಿಗೆ ಜನ ಕಡಿಮೆ, ಆದರೆ ಆಟ ಕಡಿಮೆಯದಲ್ಲ.

ಈ ಎರಡು ಇತಿಹಾಸಗಳನ್ನು ಹೋಲಿಸಿದಾಗ ನನಗೆ ಕಾಣುವುದು ಇಷ್ಟು. ಹೆಚ್ಚು ಗೆದ್ದದ್ದು ಬೆಂಗಳೂರಿನ ಸಂಘ. ಹೆಚ್ಚು ಉಳಿದದ್ದು ಕೊಲ್ಹಾಪುರದ ತಾಲೀಮುಗಳು. ಒಳ್ಳೆಯ ಆಟಗಾರರ ಮೇಲೆ ನಿಂತ ಸಂಘ ಆಟಗಾರರು ಹೋದ ಮೇಲೆ ಸೊರಗುತ್ತದೆ. ಓಣಿಯ ಮೇಲೆ ನಿಂತ ಸಂಘಕ್ಕೆ ಪ್ರತಿ ವರ್ಷ ಹೊಸ ಹುಡುಗರು ಹುಟ್ಟುತ್ತಲೇ ಇರುತ್ತಾರೆ.

ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಸಂಘದ ಕಥೆಯೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ಎಫ್‌ಸಿ 1857ರಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಆ ಊರಿನ ಕ್ರಿಕೆಟ್ ಸಂಘದ ಗೆಳೆಯರು. ಕ್ರಿಕೆಟ್ ಇಲ್ಲದ ಚಳಿಗಾಲದಲ್ಲಿ ಮೈ ಗಟ್ಟಿಯಾಗಿರಲಿ ಎಂದು ಚೆಂಡು ಒದೆಯಲು ಆರಂಭಿಸಿದರು. ನಮ್ಮ ಪೈಲವಾನರು ಫುಟ್‌ಬಾಲ್ ಹಿಡಿದದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಅದೇ ನಗರದಲ್ಲಿ ದೊಡ್ಡ ವೃತ್ತಿಪರ ಸಂಘಗಳು ಬೆಳೆದವು, ಶೆಫೀಲ್ಡ್ ಎಫ್‌ಸಿ ಮಾತ್ರ ಕೆಳಗಿನ ಡಿವಿಜನ್‌ಗಳಲ್ಲೇ ಆಡಿಕೊಂಡು ಬಂದಿದೆ. ಆದರೆ 160 ವರ್ಷ ದಾಟಿಯೂ ಆಡುತ್ತಿದೆ. ಒಂದು ಸಂಘದ ಯೋಗ್ಯತೆಯನ್ನು ಅಳೆಯಲು ಕಪಾಟಿನಲ್ಲಿರುವ ಕಪ್‌ಗಳ ಎಣಿಕೆ ಒಂದೇ ಮಾಪನವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಊರಿಗೆ ಏನು ಬೇಕು?

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಆ ಎಡಗಾಲಿನ ಗೆಳೆಯ ಸಿಕ್ಕ. ಈಗ ಊರಿನಲ್ಲೇ ಇದ್ದಾನೆ. ಇಬ್ಬರೂ ಶಾಲೆಯ ಮೈದಾನದ ಕಡೆ ನಡೆದುಕೊಂಡು ಹೋದೆವು. ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಒಂದು ಮೂಲೆಯಲ್ಲಿ ನಾಲ್ಕೈದು ಚಿಕ್ಕವರು ಫುಟ್‌ಬಾಲ್ ಒದೆಯುತ್ತಿದ್ದರು. ಚೆಂಡು ಉರುಳಿಕೊಂಡು ನಮ್ಮ ಕಡೆ ಬಂತು. ಅವನು ಮಾತು ನಿಲ್ಲಿಸದೆಯೇ ಎಡಗಾಲಿನ ಒಳಬದಿಯಿಂದ ಅದನ್ನು ತಡೆದು, ದೂರದ ಹುಡುಗನ ಕಾಲಿಗೇ ಮುಟ್ಟುವಂತೆ ಕಳಿಸಿದ. ಇಪ್ಪತ್ತು ವರ್ಷ ಆಗುತ್ತ ಬಂದರೂ ಕಾಲು ಮರೆತಿರಲಿಲ್ಲ. ಹುಡುಗರು ‘ಕಾಕಾ, ಬರ್ರಿ ಆಡೂಣು’ ಎಂದು ಕರೆದರು. ಅವನು ನಕ್ಕು, ಕೈಬೀಸಿ, ಮುಂದೆ ನಡೆದ. ಆ ಮಕ್ಕಳಿಗೆ ಆಟ ಕಲಿಸಬಲ್ಲವನೊಬ್ಬ ಹಾಗೆ ಮುಂದೆ ನಡೆದುಹೋದದ್ದು ನನಗೆ ಸರಿಕಾಣಲಿಲ್ಲ. ಅವನನ್ನು ಕರೆಯುವ ಒಂದು ಸಂಘ ಇದ್ದಿದ್ದರೆ ಅವನು ನಿಲ್ಲುತ್ತಿದ್ದ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಿಗೆ, ಗುರುಗಳಿಗೆ ಮತ್ತು ಊರಿನ ಹಿರಿಯರಿಗೆ ನನ್ನದೊಂದು ವಿನಂತಿ ಇದೆ. ಸುವರ್ಣ ಮಹೋತ್ಸವದ ನೆನಪಿಗೆ ನಾವು ಏನೇನು ಮಾಡಿದರೂ ಒಂದು ಫುಟ್‌ಬಾಲ್ ಸಂಘವನ್ನೂ ಕಟ್ಟೋಣ. ಇದಕ್ಕೆ ಬೇಕಾದದ್ದು ಬಹಳ ಕಡಿಮೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಏಳು ಜನ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಸಭೆ ಕರೆದು, ಲೆಕ್ಕಪತ್ರ ಒಪ್ಪಿಸಬೇಕು. ನಮ್ಮ ಊರಿನಲ್ಲಿ ಏಳು ಜನ ಸಿಗದೇ ಇರುತ್ತಾರೆಯೇ?

ಮೈದಾನದ ಅಳತೆಗೂ ಹೆದರಬೇಕಾಗಿಲ್ಲ. ನಿಯಮದಂತೆ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಇರಬಹುದು. ಅಷ್ಟು ಇಲ್ಲದಿದ್ದರೆ ಏಳು ಜನರ ತಂಡ ಮಾಡಿ ಚಿಕ್ಕ ಅಂಗಳದಲ್ಲಿ ಆಡಬಹುದು. ಗೋಲ್‌ಕಂಬ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಇದನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ದೊಡ್ಡವರಿಗೆ 5ನೇ ಅಳತೆಯ ಚೆಂಡು, ಚಿಕ್ಕ ಮಕ್ಕಳಿಗೆ 4ನೇ ಅಳತೆಯದು ಸಾಕು. ನೆಚ್ಚಿನ ಒಬ್ಬಿಬ್ಬರು ಯುವಕರನ್ನು ಫೆಡರೇಷನ್ನಿನ ಡಿ ಪರವಾನಗಿಯ ತರಬೇತಿಗೆ ಕಳಿಸಿದರೆ ಕಲಿಸುವವರೂ ನಮ್ಮವರೇ ಆಗುತ್ತಾರೆ. ಹೆಣ್ಣುಮಕ್ಕಳಿಗೂ ಮೊದಲ ದಿನದಿಂದಲೇ ಅದೇ ಮೈದಾನ, ಅದೇ ಚೆಂಡು ಇರಬೇಕು. ಶಾಲೆ ಬಿಟ್ಟ ಮೇಲೆ ಆಟ ನಿಲ್ಲುವುದು ಹುಡುಗರಿಗಿಂತ ಮೊದಲು ಅವರದೇ.

ಕೊಲ್ಹಾಪುರದಿಂದ ನಾವು ಎರಡು ಪಾಠ ತೆಗೆದುಕೊಳ್ಳಬೇಕು. ಒಂದು, ನಾಕೌಟ್ ಬೇಡ, ಲೀಗ್ ಇರಲಿ. ಸುತ್ತಲಿನ ನಾಲ್ಕೈದು ಹಳ್ಳಿಗಳು ಸೇರಿದರೂ ಸಾಕು. ಒಂದು ದಿನದ ದೊಡ್ಡ ಬಹುಮಾನದ ಪಂದ್ಯಾವಳಿಗಿಂತ ಸುಗ್ಗಿ ಮುಗಿದ ಮೇಲೆ ಎರಡು ತಿಂಗಳು ವಾರಕ್ಕೊಂದು ಪಂದ್ಯ ನಡೆದರೆ ಹುಡುಗರು ಆಟಗಾರರಾಗುತ್ತಾರೆ. ಎರಡು, ಊರಿನ ಜನ ವರ್ಷಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಪಟ್ಟಿ ಕೊಡಲಿ. ಬೆಂಗಳೂರಿನಲ್ಲಿರುವ ನಮ್ಮಂಥವರು ಹೆಚ್ಚು ಹಣ ಕಳಿಸುವುದು ಸುಲಭ. ಆದರೆ ಒಬ್ಬನೇ ಕೊಟ್ಟ ಹಣದ ಸಂಘ ಆ ಒಬ್ಬನ ಜೊತೆ ಮುಗಿಯುತ್ತದೆ. ಎಲ್ಲರೂ ಇಷ್ಟಿಷ್ಟು ಕೊಟ್ಟ ಸಂಘದಲ್ಲಿ ಎಲ್ಲರಿಗೂ ಬೈಯುವ ಹಕ್ಕು ಇರುತ್ತದೆ. ಆ ಹಕ್ಕೇ ಸಂಘದ ಆಯುಷ್ಯ.

ನಮ್ಮ ಶಾಲೆ ಐವತ್ತು ವರ್ಷ ನಮ್ಮನ್ನು ಹದಿನಾರನೆಯ ವಯಸ್ಸಿನವರೆಗೆ ಕೈಹಿಡಿದು ನಡೆಸಿದೆ. ಅದರ ಮುಂದಿನ ದಾರಿಗೆ ಒಂದು ಕೈ ಬೇಕು. ಶಾಲೆಯ ಗೇಟಿನ ಹೊರಗೆ, ಸಂಜೆಯ ಹೊತ್ತು, ‘ಬಾ, ಆಡೂಣು’ ಎನ್ನುವ ಒಂದು ಸಂಘ. ಮೊದಲ ಸಭೆಯನ್ನು ಮಹೋತ್ಸವದ ಮರುದಿನವೇ ಮೈದಾನದಲ್ಲಿ ಕರೆಯೋಣ. ಸದಸ್ಯತ್ವದ ಮೊದಲ ರಸೀದಿ ಆ ಎಡಗಾಲಿನ ಗೆಳೆಯನ ಹೆಸರಿಗೆ ಹರಿಯೋಣ. ಚೆಂಡು ನಾನು ತರುತ್ತೇನೆ.